ಮೇವು ಹಾಕಿದವಳ ಪಾಲು

ಮೇವು ಹಾಕಿದವರ ಮೈ ಎಷ್ಟು ಇಳಿಯುತ್ತದೋ ಅಷ್ಟು ಕೋಳಿ ಬೆಳೆಯುತ್ತದೆ. ಹಾಗಾಗಿ ಎಲ್ಲರ ಮನೆಯಲ್ಲೂ ಕೋಳಿಯ ಕಾಲುಗಳು ಮೇವು ಹಾಕಿದವರಿಗೇ ಮೀಸಲು. ತಿಂದರೆ ಮೈ ತುಸು ಮರಳುತ್ತದೆ. ತಿನ್ನದೆ ಮತ್ತೊಂದು ಸಲ ಮರಿ ಸಾಕಲು ಹೋದವರು ಉಳಿದದ್ದು ಕಡಿಮೆ.

ನಂಜಮಣಿ ಮಹಡಿಯ ಗೂಡಿನಿಂದ ಕೊನೆಯ ಕೋಳಿಯನ್ನು ಎರಡು ಕಡೆ ಕೂತು ಸುಧಾರಿಸಿಕೊಂಡು ಕೆಳಗೆ ತಂದಳು. ಅತ್ತೆ ಚೆನ್ನಾಜಮ್ಮ ಅದರ ಕತ್ತು ಕುಯ್ದು, ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತಳು.

"ಏನ್ ಕೊಬ್ಬು ನೋಡಮ್ಮಿ! ನಿನ್ ಕೈಗುಣವೇ ಕೈಗುಣ. ನಾಳೆ ಹೊಸ ಮರಿ ತರುಸ್ತೀನಿ. ಇವತ್ತು ಎರಡೂ ಕಾಲು ತಿಂದ್ಬುಡು."

ಸಾರು ಕುದಿಯುವ ಹೊತ್ತಿಗೆ ನಂಜಮಣಿಯ ಅಪ್ಪ ಮರಿಸ್ವಾಮಿ ಹೇಳದೆ ಕೇಳದೆ ಬಂದ. ಬೀಗರು ಬಂದ ದಿನ ಕಾಲು ಅವರ ತಟ್ಟೆಗೆ ಹೋಗಬೇಕು. ಚೆನ್ನಾಜಮ್ಮ ಮುದ್ದೆಯ ಪಕ್ಕ ಎರಡನ್ನೂ ಇಟ್ಟಳು.

ಮರಿಸ್ವಾಮಿ ಮಗಳ ಒಣಗಿದ ಕೈಗಳನ್ನು ನೋಡಿದ. "ಮೇವು ಹಾಕಿದ್ದು ಯಾರವ್ವ?"

"ನಾನೇ ಕಣಪ್ಪ."

ಅಪ್ಪ ಒಂದು ಕಾಲನ್ನಾದರೂ ಎತ್ತಿಕೊಡುತ್ತಾನೆಂದು ಅವಳು ಅಲ್ಲೇ ನಿಂತಳು.

"ಉಣ್ಣಿ ಬೀಗ್ರೇ, ಬುಟ್ರೆ ನಮ್ಮನೆ ಊಟ ಸೇರ್‍ನಿಲ್ಲ ಅಂತ ಊರಿಗೆಲ್ಲ ಸಾರ್‍ತೀನಿ," ಎಂದು ಚೆನ್ನಾಜಮ್ಮ ನಕ್ಕಳು.

"ಹಂಗನ್ಬ್ಯಾಡಿ ಬೀಗ್ತಿಯವ್ರೇ," ಎಂದು ಮರಿಸ್ವಾಮಿಯೂ ನಕ್ಕು ಒಂದು ಕಾಲನ್ನು ಕಚ್ಚಿದ. ತಲೆಯೆತ್ತದೆ ಎರಡನೆಯದನ್ನೂ ಮುಗಿಸಿದ. ಮೂಳೆ ಚೀಪಿ ಬದಿಗಿಟ್ಟು ಮಗಳಿಗೆ ಹೇಳಿದ:

"ನಿಮ್ಮವ್ವ ಹೋದ್ಮೇಲೆ ಇಂಥ ಕಾಲಿನ ರುಚಿ ಸಿಕ್ಕೇ ಇರ್‍ನಿಲ್ಲ ಕಣವ್ವ."