ಕಿವಿ ಮುಟ್ಟಿದ ಕೈ

“ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟಿದ್ಲರಿ. ಅದಕ್ಕ ಆರು ವರ್ಷ ಅಂತ ಬರಕೊಂಡೆ” ಅಂದರು ಕೊಟ್ರಬಸಪ್ಪ ಮಾಸ್ತರರು. ಗಂಗಾವತಿಯ ಕೋರ್ಟಿನಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ಪಿಂಚಣಿಗೆ ವರ್ಷವೂ ಉಳಿಯದ ನ್ಯಾಯಾಧೀಶರು ಮಾತ್ರ ನಗಲಿಲ್ಲ.

ನಗುವ ಹೊತ್ತೂ ಅದಲ್ಲ. ಸಿದ್ದಾಪುರದ ಮಾರೆವ್ವನ ಮಗಳು ಶೇಖರಮ್ಮ, ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರಿಗೆ ದೂರದಿಂದಲೇ ಸಸಿಕಟ್ಟು ಗುರಿಯಿಟ್ಟು ಎಸೆಯುತ್ತಿದ್ದ ಹುಡುಗಿ, ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿದವಳು ಹಿಂದೆ ನೋಡಿರಲಿಲ್ಲ. ಜಿಲ್ಲೆ ಆಯಿತು, ರಾಜ್ಯ ಆಯಿತು, ಈಗ ಜಪಾನಿಗೆ ಹೊರಟ ಭಾರತದ ಕಿರಿಯರ ತಂಡದ ಹನ್ನೆರಡು ಜನರಲ್ಲಿ ಅವಳ ಹೆಸರಿತ್ತು. ಆಡಿ ಬಂದರೆ ರೈಲ್ವೆಯಲ್ಲಿ ನೌಕರಿ, ಮುಂದೆ ಆಡುವುದೇ ಕೆಲಸ. ಆದರೆ ವಯಸ್ಸು ಹದಿನೆಂಟು ದಾಟಿರಬಾರದು. ಮಾಸ್ತರರ ಶಾಲೆಯ ರಿಜಿಸ್ಟರಿನಲ್ಲಿ ಅವಳು ಹುಟ್ಟಿದ್ದು 1964ರ ಜೂನ್ ಒಂದು, ಅಂದರೆ ಹತ್ತೊಂಬತ್ತು. ತಾಯಿಯ ಲೆಕ್ಕದಲ್ಲಿ ಹದಿನೇಳು. ಊರಿನ ಜನನದ ಪುಸ್ತಕ ಗೆದ್ದಲಿನ ಪಾಲಾಗಿತ್ತು. ತಿದ್ದಿದ ಕಾಗದ ನಾಳೆ ಬೆಳಿಗ್ಗೆ ಬೆಂಗಳೂರು ಮುಟ್ಟದಿದ್ದರೆ ಅವಳ ಜಾಗ ಬೇರೊಬ್ಬಳಿಗೆ.

“ಕಿವಿ ಮುಟ್ಟಿದರ ಆರು ವರ್ಷ. ನೀವ ಒಪ್ಪಿದ್ರಿ ಮಾಸ್ತರ, ಮುಗೀತಲ್ಲ?” ಸರ್ಕಾರಿ ವಕೀಲರು ಕೈ ಝಾಡಿಸಿದರು. ಹೆರಿಗೆ ಮಾಡಿಸಿದ್ದ ಹಸನಬೀ ಬೆಳಿಗ್ಗೆ ಬಂದು ಹುಡುಗಿ ಹುಟ್ಟಿದ್ದು 66ರಲ್ಲೇ ಎಂದು ಸಾಕ್ಷಿ ಹೇಳಿದ್ದನ್ನು ಅವರು ಆಗಲೇ “ಬಾಯಿಮಾತು” ಎಂದು ಪಕ್ಕಕ್ಕೆ ತಳ್ಳಿಯಾಗಿತ್ತು.

ಇಪ್ಪತ್ತೆಂಟು ವರ್ಷದಲ್ಲಿ ಚಿತ್ತುಕಾಟು ಇಲ್ಲದ ರಿಜಿಸ್ಟರು ತಮ್ಮದೆಂದು ಊರತುಂಬ ಹೇಳಿಕೊಂಡು ತಿರುಗಿದವರು ಮಾಸ್ತರರು. ಹುಡುಗಿಯನ್ನು ಶಾಲೆಗೆ ಕರೆತಂದ ದಿನ ಮಾರೆವ್ವ “ನಾಕ ವರ್ಷದ್ದೈತ್ರಿ, ಸುಮ್ನ ಮೂಲ್ಯಾಗ ಕುಂಡ್ರಿಸ್ಕೋರಿ” ಎಂದು ಕೈಮುಗಿದಿದ್ದಳು. “ಕಿವಿ ಮುಟ್ಟೈತಿ, ನಿನಗೇನ ತಿಳಿತೈತಿ?” ಎಂದು ಗದರಿಸಿ ಬರೆದುಕೊಂಡವರು ಇವರೇ. ಆ ತಾಯಿಯ ಮುಖ ನೋಡಲು ನಾಚಿಕೆಯಾಗಿ ಕಣ್ಣು ತಗ್ಗಿಸಿದರು. ತಗ್ಗಿಸಿದ ಕಣ್ಣು ಹಾಗೇ ನಿಂತಿತು.

ಮಾರೆವ್ವನ ಕಂಕುಳಲ್ಲಿ ಅವಳ ಕೊನೆಯ ಮಗಳು ದುರ್ಗಿ ಕೂತಿದ್ದಳು. ಕೋರ್ಟಿನ ಮಾತು ಬೇಸರವಾಗಿ, ಬಲಗೈಯನ್ನು ತಲೆಯ ಮೇಲಿಂದ ಇಳಿಬಿಟ್ಟು ಎಡಗಿವಿಯ ಮುರುವನ್ನು ತಿರುವುತ್ತಿದ್ದಳು.

“ಸ್ವಾಮಿ! ನೋಡ್ರಿ, ನೋಡ್ರಿ ಅಲ್ಲಿ!” ಮಾಸ್ತರರು ಸಾಕ್ಷಿಕಟ್ಟೆಯಲ್ಲೇ ಕುಣಿದಂತೆ ಕೂಗಿದರು. “ಆ ಕೂಸಿಗೆ ನಾಕ ವರ್ಷ. ಕಿವಿ ಮುಟ್ಯಾಳ! ಇವರ ಮನಿಯವರ ಕೈನ ಉದ್ದ ಅದಾವ್ರಿ!”

ಎಲ್ಲರೂ ತಿರುಗಿದರು. ದುರ್ಗಿ ಬೆದರಿ ಕೈ ಇಳಿಸಿ, ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದಳು.

“ನಮಗೇನೂ ಕಾಣಲಿಲ್ಲ” ಅಂದರು ವಕೀಲರು.

ಮಾರೆವ್ವ ರಮಿಸಿದಳು, ಮಾಸ್ತರರು ಪುಸಲಾಯಿಸಿದರು. ಕೂಸು ಜಪ್ಪಯ್ಯ ಎನ್ನಲಿಲ್ಲ. ಬೆಳಗಿನಿಂದ ಗೋಡೆಗೆ ಆತು ತಲೆ ತಗ್ಗಿಸಿ ನಿಂತಿದ್ದ ಶೇಖರಮ್ಮ ಎರಡೇ ಹೆಜ್ಜೆಗೆ ಬಂದು ತಂಗಿಯನ್ನು ನೆಲಕ್ಕಿಳಿಸಿದಳು. ಎದುರಿಗೆ ಮೊಣಕಾಲೂರಿ, ತನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ತೋರಿಸಿದಳು.

“ದುರ್ಗಿ, ನಂದು ಗದ್ದದ ತನಕ ಬಂತು. ನಿಂದು ಬರೂದಿಲ್ಲ ಬಿಡು. ನೀ ಸೋತಿ!”

ಸೋಲು ಅಂದರೆ ಆ ಮನೆಯ ಹೆಣ್ಣುಮಕ್ಕಳಿಗೆ ಆಗದು. ದುರ್ಗಿ ಮೂಗು ಏರಿಸಿ ಕೈ ಬೀಸಿದಳು. ಬೆರಳು ಕಿವಿ ದಾಟಿ ಕೆನ್ನೆಗೆ ಬಂತು. ಕೋರ್ಟು ಹೋ ಎಂದಿತು. ಸುಮ್ಮನಿರಿಸಬೇಕಾದ ಜವಾನನೇ ಮೊದಲು ಚಪ್ಪಾಳೆ ಹೊಡೆದ. ಮಾರೆವ್ವ ಎಲೆಅಡಿಕೆಯ ಸಂಚಿ ಬಿಚ್ಚಿ, ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡಾಗ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ ತೆಗೆದಳು. ಅದರಲ್ಲಿ ಕೂಸು ಹುಟ್ಟಿದ ತಾರೀಖಿತ್ತು. ದುರ್ಗಿಗೆ ನಾಲ್ಕು ತುಂಬಿ ಹನ್ನೊಂದು ದಿನ.

ನ್ಯಾಯಾಧೀಶರು ಚೀಟಿಯನ್ನು ಎರಡು ಸಲ ಓದಿದರು. “ಮಾಸ್ತರೇ, ಹೀಗೆ ಎಷ್ಟು ಮಕ್ಕಳ ವಯಸ್ಸು ಬರೆದಿದ್ದೀರಿ?”

“ಇಪ್ಪತ್ತೆಂಟು ವರ್ಷದಿಂದ ಎಲ್ಲಾರದೂ ಹಂಗ ರೀ. ಸಾಲಿ ಸುರು ಆಗೂದು ಜೂನ್ ಒಂದಕ್ಕ, ಅದ ಹುಟ್ಟಿದ ತಾರೀಖು. ನಂದೊಂದ ಸಾಲಿ ಅಲ್ಲ, ನಮ್ಮ ಕಡಿ ಎಲ್ಲಾ ಕಡಿ ಇದ ರಿವಾಜು.”

“ನಂದೂ ಜೂನ್ ಒಂದ” ಅಂದರು ನ್ಯಾಯಾಧೀಶರು. ಅಲ್ಲಿಯವರೆಗೆ ಪುಸ್ತಕದ ಕನ್ನಡ ಆಡುತ್ತಿದ್ದವರ ಬಾಯಲ್ಲಿ ಊರ ಮಾತು ತಾನಾಗಿ ಬಂದಿತ್ತು. “ಕುಕನೂರ ಸಾಲಿ.” ಈ ಸಲ ಯಾರೂ ನಗಲಿಲ್ಲ.

ಹಸನಬೀಯ ಬಾಯಿಮಾತಿಗೆ ಬೆಲೆ ಬಂತು, ಆದೇಶ ಬಂತು. ಮಾಸ್ತರರು ಅಲ್ಲೇ ಬೆಂಚಿನ ಮೇಲೆ ರಿಜಿಸ್ಟರು ಹರವಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು 64 ಇದ್ದಲ್ಲಿ 66 ಬರೆದರು. ಅಷ್ಟು ಖುಷಿಯಿಂದ ಅವರು ಯಾವ ಅಕ್ಷರವನ್ನೂ ಬರೆದಿರಲಿಲ್ಲ. ಹೊರಗೆ ಬೆಂಗಳೂರು ರೈಲಿಗೆ ಮುಟ್ಟಿಸುವ ಹೊಸಪೇಟೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಕಲು ಕೈಗೆ ಬಂದದ್ದೇ ಶೇಖರಮ್ಮ ಓಡಿದಳು; ಹಿಂದೆ ಮಾರೆವ್ವ, ದುರ್ಗಿ, ಧೋತರದ ಚುಂಗು ಹಿಡಿದುಕೊಂಡು ಮಾಸ್ತರರು. ಚಲಿಸುತ್ತಿದ್ದ ಬಸ್ಸಿನ ಬಾಗಿಲ ಸರಳನ್ನು ಆ ಉದ್ದನೆಯ ಕೈ ಹಿಡಿದೇ ಬಿಟ್ಟಿತು.

“ಜಪಾನಿನ್ಯಾಗ ಸೋತು ಬಂದೀ ಮತ್ತ, ಜ್ವಾಕಿ!” ಎಂದು ಕೂಗಿದರು ಮಾಸ್ತರರು. ಅವರ ಕಣ್ಣು ತುಂಬಿತ್ತು.

ಬಸ್ಸು ಮರೆಯಾದ ಮೇಲೆ ಮಾಸ್ತರರಿಗೆ ತಮ್ಮ ಬಗಲು ಬರಿದಾಗಿದೆಯೆಂದು ತಿಳಿಯಿತು. ರಿಜಿಸ್ಟರು ಬೆಂಚಿನ ಮೇಲೇ ಉಳಿದಿತ್ತು. ಹಿಂದಕ್ಕೆ ಓಡಿದರು. ಕೋರ್ಟು ಊಟಕ್ಕೆ ಎದ್ದಿತ್ತು. ಅರ್ಧ ತೆರೆದ ಬಾಗಿಲಲ್ಲಿ ಇಣುಕಿದವರು ಒಳಗೆ ಕಾಲಿಡದೆ ನಿಂತರು. ಕುರ್ಚಿಯಲ್ಲಿ ನ್ಯಾಯಾಧೀಶರು ಒಬ್ಬರೇ ಇದ್ದರು. ಕರಿ ಕೋಟಿನ ಬಲತೋಳು ತಲೆಯ ಮೇಲಿಂದ ಬಾಗಿತ್ತು. ಬೆರಳುಗಳು ಮೆಲ್ಲಗೆ ಎಡಗಿವಿಯನ್ನು ಹುಡುಕುತ್ತಿದ್ದವು.