ಬುಲಿಕ್‌ನ ಜೊತೆಗಾರ

ಗಂಡನ ಶವಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ರೆಮೆಡಿಯೊಸ್ ಅವನ ಮೊಬೈಲಿನಲ್ಲಿ ಆಟ ತೆರೆದಳು. ಯಾರೂ ಹುಬ್ಬೇರಿಸಲಿಲ್ಲ. ಸಾವಿನ ಮನೆಯಲ್ಲಿ ಹೆಣವನ್ನು ಒಂಟಿಯಾಗಿ ಬಿಡುವಂತಿಲ್ಲ, ಕಾಯುವವರು ತೂಕಡಿಸುವಂತೆಯೂ ಇಲ್ಲ. ಅದಕ್ಕೇ ಅಂಗಳದ ಚಪ್ಪರದಡಿ ಊರಿನವರು ಸರದಿಯ ಮೇಲೆ ಇಸ್ಪೀಟು ಆಡುತ್ತಲೇ ಇದ್ದರು. ಲಿಯೋನ್ಸಿಯೊ ಸತ್ತ ಮೇಲೆ ಇದು ಎರಡನೆಯ ಭಾನುವಾರ.

"ಆಡು ರೆಮೆ, ಆಡು. ಕಣ್ಣು ಹತ್ತೋದಿಲ್ಲ," ಎಂದಳು ಪಕ್ಕದ ಮನೆಯ ಪಾಸಿಂಗ್, ಬರಾಕೋ ಎಂಬ ಕಡು ಕಾಫಿಗೆ ಬಿಸ್ಕತ್ತು ಅದ್ದುತ್ತಾ. "ಆದ್ರೆ ನಾಳೆ ಮಣ್ಣು ಮಾಡೋದಾದ್ರೆ ಪಾದ್ರಿಗಳಿಗೆ ಸಂಜೆಯೊಳಗೆ ಹೇಳ್ಬೇಕಂತೆ. ಆ ಮಗ ಬರ್ತಾನೆ ಅಂತ ಇನ್ನೆಷ್ಟು ದಿನ ಇಟ್ಕೊಂಡು ಕೂತಿರ್ತೀಯ?"

ಆ ಮಗ ಎಂದರೆ ರೋಮಿಲ್. ಪಾದ್ರಿಯಾಗಲೆಂದು ಓದಿಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ಬಂದ. ಈ ಹೊಸ್ತಿಲು ತುಳಿಯಬೇಡ ಎಂದ ಅಪ್ಪ. ಮನಿಲಾದಲ್ಲಿ ವಿಮಾನ ಹತ್ತಿ ದುಬೈಗೆ ಹೋದವನು ನಂಬರನ್ನೂ ಬದಲಿಸಿದ. ಹಟದಲ್ಲಿ ಅಪ್ಪನಿಗೆ ತಕ್ಕ ಮಗನೇ. ಹೊರದೇಶದಲ್ಲಿರುವ ಮಕ್ಕಳಿಗಾಗಿ ಹೆಣಕ್ಕೆ ಮದ್ದು ತುಂಬಿಸಿ ವಾರಗಟ್ಟಲೆ ಕಾಯುವುದು ಆ ಊರಿಗೆ ಹೊಸದಲ್ಲ, ಆದರೆ ಸುದ್ದಿಯೇ ಮುಟ್ಟದವನಿಗಾಗಿ ಕಾಯುವುದು ಹೇಗೆ? ರೆಮೆಡಿಯೊಸ್ ಕೈಚೆಲ್ಲಿ ಕೂತಿದ್ದಳು, ಇವತ್ತು ಬೆಳಿಗ್ಗೆ ಮಗಳು ಜೊವಿತಾ ಬಾಯಿ ಬಿಡುವ ತನಕ.

"ಅಪ್ಪ ದಿನಾ ಮಧ್ಯಾಹ್ನ ಮೊಬೈಲು ಹಿಡ್ಕೊಂಡು ಕೂರ್ತಿದ್ರಲ್ಲಮ್ಮ, ಅವ್ರು ಆಡ್ತಿದ್ದಿದ್ದು ರೋಮಿಲ್ ಜೊತೆ," ಎಂದಿದ್ದಳು ಜೊವಿತಾ. "ಇಬ್ಬರಿಗೂ ಒಂದೇ ಚಿತ್ರ ಬರುತ್ತೆ. ನೋಡಿದ ತಕ್ಷಣ ಮನಸ್ಸಿಗೆ ಬಂದ ಒಂದು ಪದ ಹಾಕ್ಬೇಕು. ಇಬ್ಬರೂ ಹಾಕಿದ ಮೇಲೆ ಎರಡೂ ಕಾಣುತ್ತೆ. ಪದ ಒಂದೇ ಆದ್ರೆ ನಕ್ಷತ್ರ ಸುರಿಯುತ್ತೆ. ಅಷ್ಟೇ, ಬೇರೆ ಮಾತುಕತೆಗೆ ಜಾಗ ಇಲ್ಲ."

"ಅಪ್ಪ ಅಂತ ಗೊತ್ತಿದ್ದೂ ಆಡ್ತಿದ್ನಾ ಅವನು?"

"ಎಲ್ಲಿ ಗೊತ್ತು. ಆಟದಲ್ಲಿ ಅವನ ಹೆಸರು ಕಂಡು ಅಪ್ಪ ಬುಲಿಕ್ ಅಂತ ಹೆಸರಿಟ್ಕೊಂಡು ಸೇರ್ಕೊಂಡಿದ್ರು. ಗೊತ್ತಾದ್ರೆ ಅವನು ಆಟ ಬಿಟ್ಬಿಡ್ತಾನೆ, ನಿಮ್ಮಮ್ಮನ ಹತ್ರಾನೂ ಬಾಯಿ ಬಿಡ್ಬೇಡ ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ರು. ಒಂದ್ಸಲ ಬೆಳ್ಳಕ್ಕಿ ಚಿತ್ರ ಬಂದಾಗ ಇಬ್ಬರೂ 'ಪಾದ್ರಿ' ಅಂತ ಹಾಕಿದ್ರು. ಅವತ್ತೆಲ್ಲ ಅಪ್ಪ ಒಬ್ಬರೇ ನಗ್ತಿದ್ರು."

ಬುಲಿಕ್ ಎಂದರೆ ಚುಕ್ಕೆಯ ಹುಂಜ. ಆ ಸೀಮೆಯಲ್ಲಿ ಓಣಿಗೊಂದು ಬುಲಿಕ್ ಇರುತ್ತದೆ, ಹೆಸರಿನಿಂದ ಯಾರ ಗುಟ್ಟೂ ರಟ್ಟಾಗುವಂತಿಲ್ಲ.

ಈಗ ಪರದೆಯ ಮೇಲೆ ಒಂದು ಕೊಡೆಯ ಚಿತ್ರವಿತ್ತು. ಕೆಳಗೆ 'ನಿಮ್ಮ ಜೊತೆಗಾರರು ಕಾಯುತ್ತಿದ್ದಾರೆ' ಎಂದಿತ್ತು. ಲಿಯೋನ್ಸಿಯೊ ಕುಸಿದು ಬಿದ್ದ ದಿನದಿಂದಲೂ ಮಗ ಕಾಯುತ್ತಿದ್ದ. ರೆಮೆಡಿಯೊಸ್ ಒಂದೊಂದೇ ಅಕ್ಷರ ಹುಡುಕಿ 'ರೋಮಿಲ್' ಎಂದು ಒತ್ತಿದಳು. ಹೆಸರುಗಳು ನಡೆಯುವುದಿಲ್ಲ ಎಂದಿತು ಆಟ.

"'ಅಪ್ಪ' ಅಂತ ಹಾಕ್ಲಾ?" ಎಂದು ಪಕ್ಕದಲ್ಲಿ ಕೂತ ಜೊವಿತಾಳನ್ನು ಕೇಳಿದಳು.

"ಬೇಡಮ್ಮ. ಅದನ್ನ ಕಂಡ್ರೆ ಮುಚ್ಚಿಟ್ಟು ಹೋಗ್ತಾನೆ. ಆಮೇಲೆ ಇರೋ ಒಂದು ದಾರೀನೂ ಹೋಯ್ತು. ಮೆಲ್ಲಗೆ ತಿಳಿಸೋಣ."

ಮೆಲ್ಲಗೆ ತಿಳಿಸುವುದೇನೋ ಸರಿ, ಒಂದೇ ಪದದಲ್ಲಿ ಹೇಗೆ ತಿಳಿಸುವುದು? ರೆಮೆಡಿಯೊಸ್‌ಗೆ ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನೇ ಬರೆದಳು: ಸಾವು. ಪಕ್ಕದಲ್ಲಿ ಮಗನ ಪದ ತೆರೆದುಕೊಂಡಿತು: ಮಳೆ. ಅವನು ಎಂದೋ ಬರೆದಿಟ್ಟದ್ದು. ಮುಂದಿನ ಚಿತ್ರ ಬಂತು, ತಟ್ಟೆಯಲ್ಲಿ ಹುರಿದ ಮೀನು. ಅದಕ್ಕೂ ಅವಳು 'ಸಾವು' ಎಂದೇ ಬರೆದು, ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಯಾರೋ ತಲೆಕೆಟ್ಟವರು ಅಂತ ಬಿಟ್ಟು ಹೋಗಿರ್ತಾನೆ," ಎಂದಳು ಜೊವಿತಾ.

ಪಾಸಿಂಗ್ ಕಾಫಿ ಮುಗಿಸಿ ಎದ್ದು ಹೋದಳು. ಸಾವಿನ ಮನೆಯಿಂದ ಹೊರಟವರನ್ನು ಬಾಗಿಲ ತನಕ ಕಳಿಸಿಕೊಡುವ ಪದ್ಧತಿಯಿಲ್ಲ, ತಾಯಿ ಮಗಳು ಕೂತಲ್ಲೇ ಕೂತಿದ್ದರು. ಹೊರಗೆ ಯಾರೋ ಆಟ ಗೆದ್ದು ಮೇಜು ಕುಟ್ಟಿದರು. ಅಷ್ಟರಲ್ಲಿ ಮಡಿಲಲ್ಲಿ ಮೊಬೈಲು ನಡುಗಿತು. ಮೀನಿನ ಕೆಳಗೆ ಎರಡು ಪದಗಳು ಅಕ್ಕಪಕ್ಕ ನಿಂತಿದ್ದವು.

ಸಾವು. ಯಾವಾಗ.

ಪದಗಳು ಹೊಂದಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು ಆಟ.

"ಯಾವಾಗ ಅಂತೆ," ಜೊವಿತಾ ಕಣ್ಣರಳಿಸಿದಳು. "ಮೀನು ನೋಡಿ ಯಾವಾಗ ಅಂತಾನಲ್ಲಮ್ಮ, ಏನಿದು?"

ರೆಮೆಡಿಯೊಸ್ ಆ ಪದವನ್ನೇ ನೋಡುತ್ತಿದ್ದಳು. ಆಮೇಲೆ ಬಂದ ಏಣಿಯ ಚಿತ್ರಕ್ಕೆ 'ಬಾ' ಎಂದು ಬರೆದು ಮೊಬೈಲನ್ನು ಮಗಳ ಕೈಗಿತ್ತಳು.

"ಪಾದ್ರಿಗಳಿಗೆ ಹೇಳಿ ಕಳಿಸು. ನಾಳೆ ಬೇಡ, ಮಗ ಬರೋ ತನಕ ಮಣ್ಣು ಮಾಡೋದಿಲ್ಲ ಅಂತ."

ಎದ್ದು ಹೋಗಿ ಪೆಟ್ಟಿಗೆಯ ಗಾಜಿನ ಮೇಲೆ ಬಾಗಿದಳು. ಒಳಗೆ ಲಿಯೋನ್ಸಿಯೊ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಮಲಗಿದ್ದ. ಮಗನಿಗೆ ಎಲ್ಲಿ ತಿಳಿದುಬಿಡುತ್ತದೋ ಎಂದು ಕಡೆಯ ದಿನದವರೆಗೂ ಹೆದರುತ್ತಲೇ ಹೋದ ಮನುಷ್ಯ. ಜೊವಿತಾ ಓಡಿ ಬಂದು ತಾಯಿಯ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಗಾಜಿನ ಮೇಲೆ ಕಣ್ಣೀರು ಬೀಳ್ಬಾರದಮ್ಮ. ಅಪ್ಪನಿಗೆ ಹೋಗೋದು ಕಷ್ಟ ಆಗುತ್ತೆ."

ರೆಮೆಡಿಯೊಸ್ ತೋಳಿನಿಂದ ಕೆನ್ನೆ ಒರೆಸಿಕೊಂಡು, ನಿದ್ದೆಯಲ್ಲಿದ್ದವನನ್ನು ಎಬ್ಬಿಸುವಂತೆ ಬೆರಳಿನಿಂದ ಗಾಜನ್ನು ತಟ್ಟಿದಳು.

"ರೀ, ಕೇಳಿದ್ರಾ? ಯಾರು ಅಂತ ಕೇಳಲೇ ಇಲ್ಲ ಅವನು."