ಮಲ್ಲಪ್ಪನ ಹೆಸರಿಲ್ಲದ ಶಾಯರಿ

ಹುಣಸೆ ಬೀಜದ ಗಂಜಿಯ ವಾಸನೆ ಬಂದರೆ ನಾನು ಈಗಲೂ ಹಲ್ಲು ಕಡಿಯುತ್ತೇನೆ.

ಅದು ನಿಜಾಮರ ಕಾಲ. ಬರ್ಮಾದ ಯುದ್ಧದಲ್ಲಿ ಮಲ್ಲಪ್ಪ ಕಾಕಾ ಸತ್ತ ಸುದ್ದಿ ನಮ್ಮೂರು ಕಲ್ಹೇರಿಗೆ ಬಂದು ತಿಂಗಳಾಗಿತ್ತು. ಅವನಿಗೆಂದು ಶುರು ಮಾಡಿದ್ದ ಕಂಬಳಿಯ ಕೆಲಸವನ್ನು ಅಜ್ಜಿ ನಿಲ್ಲಿಸಿರಲಿಲ್ಲ. ಆ ಮಧ್ಯಾಹ್ನ ಅಂಗಳದಲ್ಲಿ ಕೂತು ಉಣ್ಣೆಯ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಬಳಿಯುತ್ತಿದ್ದಳು. ಆಗ ಕಚೇರಿಯ ಗುಮಾಸ್ತ ಬಂದ. ಅವನಿಗೆ ಕೂರಲು ಕಾಕಾನ ಹಳೆಯ ಕಂಬಳಿಯನ್ನೇ ಹಾಸಿದೆವು. ಅವನು, ಸತ್ತ ಸಿಪಾಯಿಗಳ ಗೌರವಕ್ಕೆಂದು ಸರ್ಕಾರ ಕಳಿಸಿದ್ದ ಅಚ್ಚಾದ ಕಾಗದ ಬಿಚ್ಚಿ ಉರ್ದು ಶಾಯರಿಯೊಂದನ್ನು ರಾಗವಾಗಿ ಓದಿದ.

"ಜಂಗಿನಾಗ ಸತ್ತವರೆಲ್ಲಾ ಸಿಂಹ ಅಂತ ಬರ್ದಾರ," ಎಂದ.

"ನಮ್ಮ ಮಲ್ಲಪ್ಪನ ಹೆಸರು ಎಲ್ಲಿ ಬಂತ್ರಿ?" ಅಜ್ಜಿ ಕೇಳಿದಳು.

ಅವನು ನಕ್ಕ. "ಶಾಯರಿದಾಗ ಒಬ್ಬೊಬ್ಬರ ಹೆಸರು ಹೆಂಗ ಬರೀತಾರ, ಮುದುಕಿ?"

ಅಜ್ಜಿ ಗಂಜಿ ಮೆತ್ತಿದ ಕೈಯಲ್ಲೇ ಎದ್ದು ನಿಂತಳು. "ನನ್ನ ಮಗ ಸಿಂಹ ಅಲ್ರಿ, ಕುರಿ ಕಾಯಾಂವ. ನಮ್ಮ ಹಿಂಡಿನಾಗ ಒಂದು ಕುರಿ ಸತ್ರೂ ಅದರ ಹೆಸರು ಹಿಡ್ದು ಅಳ್ತೀವಿ. ಏಳ್ರಿ ಮ್ಯಾಲ!"

ಅವನು ಪೂರ್ತಿ ಏಳುವ ಮೊದಲೇ ಕಂಬಳಿ ಎಳೆದುಕೊಂಡಳು. ಅವನ ಕೈಯಲ್ಲಿದ್ದ ಕಾಗದ ಗಂಜಿಯ ಗಡಿಗೆಗೆ ಬಿತ್ತು. ಅಜ್ಜಿ ಅತ್ತ ನೋಡಲೂ ಇಲ್ಲ. ಕಂಬಳಿಯಲ್ಲಿ ಅವನು ಕೂತಿದ್ದ ಜಾಗವನ್ನು ಝಾಡಿಸುತ್ತ, ಒಂದೊಂದು ಏಟಿಗೂ ಕೂಗುತ್ತಿದ್ದಳು: "ಮಲ್ಲಪ್ಪಾ! ಮಲ್ಲಪ್ಪಾ!"